ನೀರು ಬಂದ ದಾರಿ ಹಿಡಿದು: ಸ್ಕೈ ಪಾಂಡ್‌ಗೆ ಒಂದು ಚಾರಣ

ಶುಕ್ರವಾರ: ಜೋಳದ ಅಂಗಡಿಯಿಂದ ಕಣಿವೆಗೆ

ಅಮ್ಮ ಸಕಲೇಶಪುರದ ಕಡೆಯವರು. ಆಗಸ್ಟ್ ಅಂದರೆ ಅವರಿಗೆ ಮಳೆ. ಒಣಗದ ಬಟ್ಟೆ, ಅಂಗಳದ ಪಾಚಿ, ಕಾಫಿ ತೋಟದ ಜಿಗಣೆ. ಅಮೆರಿಕದ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿರುವ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ದಿನಾ ಬೆಳಿಗ್ಗೆ ಆಕಾಶ ನೋಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಇಲ್ಲಿ ಮಳೆಗಾಲ ಯಾವಾಗ ಶುರು?" ಹಾಗೆ ಹೇಳಿಕೊಳ್ಳುವ ಮಳೆಗಾಲ ಇಲ್ಲಿಲ್ಲ ಅಂದರೆ ನಂಬುತ್ತಿರಲಿಲ್ಲ. ಒಂದು ಗಂಟೆಯಲ್ಲಿ ಬಟ್ಟೆ ಒಣಗುವುದು ಅವರಿಗೆ ಖುಷಿ, ತುಟಿ ಒಡೆಯುವುದು ಬೇಸರ.

ಬೇಸಿಗೆ ಮುಗಿಯುವ ಮೊದಲು ಅವರಿಗೆ ಗುಡ್ಡ ತೋರಿಸಬೇಕು ಅಂತ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ಗೆ ಹೊರಟೆವು. ಅಮ್ಮ, ನಾನು, ನನ್ನ ಗಂಡ, ಇಲ್ಲೇ ಓದುತ್ತಿರುವ ಮೈದುನ. ಮನೆಯಿಂದ ಎಸ್ಟೆಸ್ ಪಾರ್ಕ್ ಪಟ್ಟಣಕ್ಕೆ ಒಂದೂಕಾಲು ಗಂಟೆ ದಾರಿ. ನಮಗೆ ಮೂರು ಗಂಟೆ ಹಿಡಿಯಿತು. ಕಾರಣ ಲವ್‌ಲ್ಯಾಂಡ್ ಊರಿನ ಅಂಚಿನಲ್ಲಿದ್ದ ಒಂದು ರಸ್ತೆ ಬದಿಯ ಅಂಗಡಿ.

ಟೆಂಟು ಹಾಕಿ, ಎರಡು ಮೇಜಿನ ಮೇಲೆ ಹಾಲು ತುಂಬಿದ ಜೋಳದ ತೆನೆ ರಾಶಿ ಹಾಕಿದ್ದರು. ಪಕ್ಕದಲ್ಲಿ ಪ್ಯಾಲಿಸೇಡ್ ಊರಿನ ಪೀಚ್ ಹಣ್ಣು. ಆಗಸ್ಟ್‌ನಲ್ಲಿ ಕೊಲರಾಡೊಗೆ ಬಂದವರು ಈ ಪೀಚ್ ತಿನ್ನದೆ ಹೋಗಬಾರದು. ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಅಮ್ಮ ಒಂದು ತೆನೆಯ ಸಿಪ್ಪೆ ಸರಿಸಿ, ಉಗುರಿನಿಂದ ಕಾಳು ಒತ್ತಿ ನೋಡಿದರು. ಮಾರುತ್ತಿದ್ದ ಹೆಂಗಸು ನಕ್ಕರು. ಅವರದೇ ಹೊಲದ ಜೋಳವಂತೆ.

"ಮಳೆ ಇಲ್ಲದೆ ಹೇಗೆ ಬೆಳೀತಾರೆ ಕೇಳು" ಅಂದರು ಅಮ್ಮ. ನಾನು ಕೇಳಿದೆ. ಆ ಹೆಂಗಸು ಪಶ್ಚಿಮದ ಬೆಟ್ಟದ ಸಾಲಿನ ಕಡೆ ಕೈ ತೋರಿಸಿ, "ನಮ್ಮ ನೀರು ಅದರ ಹೊಟ್ಟೆಯೊಳಗಿಂದ ಬರುತ್ತೆ" ಅಂದರು.

ಅದು ನಿಜ. ಬೆಟ್ಟದ ಪಶ್ಚಿಮಕ್ಕೆ ಹಿಮ ಜಾಸ್ತಿ ಬೀಳುತ್ತದೆ, ಹೊಲ ಮತ್ತು ಊರುಗಳು ಇರುವುದು ಪೂರ್ವದಲ್ಲಿ. ಅದಕ್ಕೆ ನ್ಯಾಷನಲ್ ಪಾರ್ಕ್‌ನ ಅಡಿಯಲ್ಲೇ ಸುಮಾರು 21 ಕಿಲೋಮೀಟರ್ ಸುರಂಗ ಕೊರೆದು, 1947ರಿಂದ ನೀರನ್ನು ಈಚೆಗೆ ಹರಿಸುತ್ತಿದ್ದಾರೆ. ಆಡಮ್ಸ್ ಟನೆಲ್ ಅಂತ ಹೆಸರು. ನಾನು ಇಷ್ಟು ಹೇಳುವಷ್ಟರಲ್ಲಿ ಅಮ್ಮ, "ನಮ್ಮ ಎತ್ತಿನಹೊಳೆ ಥರಾನೇ ಆಯ್ತಲ್ಲ" ಅಂದರು. ಅವರ ಊರಿನ ಸುತ್ತಲ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಳಿಸುವ ಯೋಜನೆ ಅದು. ಆ ಕೆಲಸಕ್ಕೆ ಗುಡ್ಡ ಅಗೆದದ್ದು, ಮನುಷ್ಯ ನಿಂತು ನಡೆಯುವಷ್ಟು ದೊಡ್ಡ ಪೈಪುಗಳನ್ನು ಲಾರಿಯಲ್ಲಿ ತಂದದ್ದು, ಎಲ್ಲವನ್ನೂ ಅವರು ಕಣ್ಣಾರೆ ಕಂಡವರು. ಮುಂದೆ ಕಾರಿನಲ್ಲಿ ಬಹಳ ಹೊತ್ತು ಸುಮ್ನೆ ಕೂತಿದ್ದರು.

ಲವ್‌ಲ್ಯಾಂಡ್ ದಾಟಿದರೆ ಬಿಗ್ ಥಾಂಪ್ಸನ್ ಕಣಿವೆ. ಎರಡೂ ಕಡೆ ಗೋಡೆಯಂಥ ಬಂಡೆ, ಮಧ್ಯೆ ಹೊಳೆ, ಹೊಳೆಗೆ ಅಂಟಿಕೊಂಡೇ ರಸ್ತೆ. ಅಲ್ಲಲ್ಲಿ ಒಂದು ಫಲಕ: ಪ್ರವಾಹ ಬಂದರೆ ಮೇಲಕ್ಕೆ ಹತ್ತಿ. 1976ರ ಜುಲೈ 31ರ ರಾತ್ರಿ ಇದೇ ಕಣಿವೆಯ ಮೇಲುಭಾಗದಲ್ಲಿ ಒಂದು ಮೋಡ ಕದಲದೆ ನಿಂತು ಸುರಿಯಿತು. ಕೆಲವೇ ಗಂಟೆಯ ಮಳೆ. 140ಕ್ಕೂ ಹೆಚ್ಚು ಜನ ಸತ್ತರು. ಕಾರಿನಲ್ಲಿ ತಪ್ಪಿಸಿಕೊಳ್ಳಲು ಹೋದ ಎಷ್ಟೋ ಜನ ನೀರಿಗೆ ಸಿಕ್ಕರು. ಕಾರು ಬಿಟ್ಟು ಬಂಡೆ ಹತ್ತಿದವರು ಉಳಿದರು. ಈಗ ಹೊಳೆ ಮೊಣಕಾಲುದ್ದ ಇತ್ತು, ಕಲ್ಲುಗಳ ನಡುವೆ ಮಾತಾಡಿಕೊಂಡು ಹೋಗುತ್ತಿತ್ತು.

ರಾತ್ರಿ ಎಸ್ಟೆಸ್ ಪಾರ್ಕ್‌ನಲ್ಲಿ ಒಂದು ಮರದ ಮನೆಯಲ್ಲಿ ಇಳಿದುಕೊಂಡೆವು. ಆ ಊರು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿ. ಹಿಂದಿನ ಸಲ ಅನುಭವಿಸಿದ್ದರಿಂದ ಈ ಸಲ ಸಣ್ಣ ಕುಕ್ಕರ್ ಒಯ್ದಿದ್ದೆವು. ಅನ್ನ, ತಿಳಿಸಾರು, ಸುಟ್ಟ ಜೋಳ. ಬೆಟ್ಟಕ್ಕೆ ಹೋಗುವ ಮುಂಚೆ ಒಂದು ರಾತ್ರಿ ಈ ಎತ್ತರದಲ್ಲಿ ಮಲಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯುತ್ತಾ ಇದ್ದರೆ ಮರುದಿನ ತಲೆನೋವು ಕಡಿಮೆ. ಅಮ್ಮನಿಗೆ ಲೋಟಗಟ್ಟಲೆ ಕುಡಿಸಿದೆ.

ಶನಿವಾರ: ಗ್ಲೇಸಿಯರ್ ಗಾರ್ಜ್‌ನಿಂದ ಸ್ಕೈ ಪಾಂಡ್

ಮೂರೂ ಮುಕ್ಕಾಲಿಗೆ ಎದ್ದೆವು. ಬೇಸಿಗೆಯಲ್ಲಿ ಪಾರ್ಕ್‌ನ ಬೇರ್ ಲೇಕ್ ರಸ್ತೆಗೆ ಸಮಯ ನಿಗದಿ ಮಾಡಿದ ಟಿಕೆಟ್ ಬೇಕು, ಅದು ಬೇಗ ಖಾಲಿಯಾಗುತ್ತದೆ. ಬೆಳಿಗ್ಗೆ ಐದಕ್ಕೆ ಮೊದಲೇ ಒಳಗೆ ಹೋದರೆ ಆ ಟಿಕೆಟ್ ಬೇಡ, ಪ್ರವೇಶ ಶುಲ್ಕ ಮಾತ್ರ. ನಾವು ಹೋದಾಗ ಗ್ಲೇಸಿಯರ್ ಗಾರ್ಜ್‌ನ ಸಣ್ಣ ಪಾರ್ಕಿಂಗ್ ಜಾಗ ಆಗಲೇ ಮುಕ್ಕಾಲು ತುಂಬಿತ್ತು. ಕತ್ತಲು, ಚಳಿ, ತಲೆಯ ಮೇಲೆ ಕೈಗೆಟುಕುವ ಹಾಗೆ ನಕ್ಷತ್ರ. ಅಮ್ಮ ಸೀರೆಯ ಮೇಲೆ ಮೈದುನನ ದಪ್ಪ ಜಾಕೆಟ್ ಹಾಕಿ, ಶಾಲು ಸುತ್ತಿ, ಶೂ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ತಯಾರಾದರು.

ಬೆಳಕು ಹರಿಯುವ ತನಕ ಕಾರಿನಲ್ಲೇ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಆಮೇಲೆ ಹೊರಟೆವು. ದಾರಿ ಆಸ್ಪೆನ್ ಮರಗಳ ನಡುವೆ ಏರುತ್ತದೆ. ಬಿಳಿ ಕಾಂಡ, ಅಂಗೈಗಿಂತ ಚಿಕ್ಕ ಎಲೆ. ಗಾಳಿ ಇಲ್ಲ ಅನ್ನಿಸಿದಾಗಲೂ ಆ ಎಲೆಗಳು ಅಲುಗುತ್ತಲೇ ಇರುತ್ತವೆ. ನಮ್ಮ ಅರಳಿ ಎಲೆಯ ಹಾಗೆ. ಅಲ್ಲೊಂದು ಇಲ್ಲೊಂದು ಎಲೆ ಆಗಲೇ ಹಳದಿಗೆ ತಿರುಗಿತ್ತು.

ಒಂದೂಕಾಲು ಕಿಲೋಮೀಟರಿಗೇ ಆಲ್ಬರ್ಟಾ ಫಾಲ್ಸ್. ಎತ್ತರ ಹೆಚ್ಚಿಲ್ಲ, ಸುಮಾರು ಒಂಬತ್ತು ಮೀಟರ್. ಆದರೆ ನೀರು ಒಂದೇ ಕಡೆ ಬೀಳುವುದಿಲ್ಲ. ಬಂಡೆಯ ಮೇಲೆ ಮಡಿಸಿಕೊಂಡು, ತಿರುಗಿ, ಮತ್ತೆ ಬೀಳುತ್ತದೆ. ಅದರ ಹೆಸರಿನ ಕಥೆ ನನಗೆ ಇಷ್ಟ. ಆಬ್ನರ್ ಸ್ಪ್ರೇಗ್ ಅನ್ನುವವರು ಪಾರ್ಕ್ ಆಗುವ ಎಷ್ಟೋ ಮೊದಲೇ ಇಲ್ಲಿ ಬಂದು ನೆಲೆಸಿದ್ದರು. ಹೆಂಡತಿ ಆಲ್ಬರ್ಟಾ ಹೆಸರನ್ನು ಜಲಪಾತಕ್ಕೆ ಇಟ್ಟರು. 1915ರಲ್ಲಿ ಪಾರ್ಕ್ ಆಯಿತು. 1939ರಲ್ಲಿ ಪ್ರವೇಶ ಶುಲ್ಕ ಶುರುವಾದಾಗ ಮೊದಲ ಶುಲ್ಕ ಕೊಟ್ಟು ಒಳಗೆ ಬಂದವರೂ ಇದೇ ಸ್ಪ್ರೇಗ್.

ಅಮ್ಮ ಬಂಡೆಯ ಮೇಲೆ ಕೂತು ನೀರಿಗೆ ಕೈ ಹಾಕಿ ತಕ್ಷಣ ತೆಗೆದರು. ಮತ್ತೆ ಹಾಕಿದರು. ಬೆರಳು ಕೆಂಪಾದವು. "ಮಳೆ ಇಲ್ಲ ಅಂತೀರಾ. ಹಾಗಾದ್ರೆ ಈ ನೀರು ಎಲ್ಲಿಂದ ಬರುತ್ತೆ?"

ಹಿಮ ಕರಗಿ ಅಂದೆ. "ಆಗಸ್ಟ್ ಕೊನೇಲಿ ಎಲ್ಲಿದೆ ಹಿಮ?" ಅಂತ ಕೇಳಿದರು. ಸುತ್ತ ನೋಡಿದರೆ ಬಿಳಿ ಎಲ್ಲೂ ಕಾಣುತ್ತಿರಲಿಲ್ಲ. ನಮ್ಮ ಕಡೆ ಜಲಪಾತ ಅಂದರೆ ಮಳೆಯ ಮಗು. ಮಲ್ಲಳ್ಳಿ ಜುಲೈನಲ್ಲಿ ಅಬ್ಬರಿಸುತ್ತದೆ, ಮಾರ್ಚ್‌ಗೆ ಸೊರಗುತ್ತದೆ. ಇಲ್ಲಿ ಒಣ ಆಕಾಶದ ಕೆಳಗೆ ಇಷ್ಟು ನೀರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. "ನೋಡಿಕೊಂಡು ಬಂದು ಹೇಳ್ತೀನಿ" ಅಂದೆ.

ಅಲ್ಲಿಂದ ಅಮ್ಮನೂ ನನ್ನ ಗಂಡನೂ ಹಿಂದಿರುಗಿದರು. ಶಟಲ್ ಬಸ್ಸಿನಲ್ಲಿ ಬೇರ್ ಲೇಕ್‌ಗೆ ಹೋಗಿ ಕೆರೆ ಸುತ್ತುವ ಯೋಚನೆ ಅವರದು. ಸುಮಾರು ಒಂದು ಕಿಲೋಮೀಟರ್ ಸುತ್ತು, ವಯಸ್ಸಾದವರಿಗೆ ಕಷ್ಟವಿಲ್ಲ. ನಾನೂ ಮೈದುನನೂ ಸ್ಕೈ ಪಾಂಡ್ ಅನ್ನುವ ಕೆರೆಯ ಕಡೆ ಮೇಲಕ್ಕೆ ನಡೆದೆವು. ಹೋಗಿ ಬರುವುದು ಒಟ್ಟು ಹದಿನಾಲ್ಕೂವರೆ ಕಿಲೋಮೀಟರ್, ಏರಿಕೆ 540 ಮೀಟರ್. ಕುಮಾರಪರ್ವತ ಹತ್ತಿದವರಿಗೆ ಈ ಲೆಕ್ಕ ದೊಡ್ಡದಲ್ಲ. ಆದರೆ ಇಲ್ಲಿ ಹೊರಡುವ ಜಾಗವೇ 2,800 ಮೀಟರ್ ಮೇಲಿದೆ. ಮಾತಾಡಿಕೊಂಡು ಹತ್ತಿದರೆ ಉಸಿರು ಸಾಲುವುದಿಲ್ಲ.

ಮಿಲ್ಸ್ ಜಂಕ್ಷನ್ ಅನ್ನುವಲ್ಲಿ ದಾರಿ ಕವಲಾಗುತ್ತದೆ. ನಮ್ಮ ದಾರಿ ಐಸಿ ಬ್ರೂಕ್ ಅನ್ನುವ ತೊರೆಯ ಜೊತೆಗೆ. ಹೆಸರಿಗೆ ತಕ್ಕ ತೊರೆ. ಅಂಕುಡೊಂಕು ದಾರಿ ಹತ್ತಿದರೆ, ಎದುರಿಗೆ ದ ಲಾಕ್. ಲಾಕ್ ಅಂದರೆ ಸ್ಕಾಟ್ಲೆಂಡಿನ ಮಾತಿನಲ್ಲಿ ಕೆರೆ. ಹಸಿರು ಕಪ್ಪು ನೀರು, ದಡದಲ್ಲಿ ತಿರುಚಿಕೊಂಡ ಪೈನ್ ಮರ, ಹಿಂದೆ ಕಣಿವೆಯ ತುದಿಗೆ ಬೂದು ಬಂಡೆಯ ಗೋಡೆ. ಆ ಗೋಡೆಯ ಸಂದಿಯಲ್ಲಿ ಕೊನೆಗೂ ಒಂದು ಕೊಳೆಯಾದ ಬಿಳಿ ತೇಪೆ ಕಂಡಿತು.

ದಡದಲ್ಲಿ ಒಬ್ಬ ಅಜ್ಜ ಮೀನು ಹಿಡಿಯುತ್ತಿದ್ದರು. ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿ ನೀರಿಗೆ ಮೆಲ್ಲಗೆ ಇಳಿಯುತ್ತಿತ್ತು. ಒಂದು ಟ್ರೌಟ್ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ, ಮತ್ತೆ ನೀರಿಗೆ ಬಿಟ್ಟರು. ಒಣ ಕೈಯಿಂದ ಮುಟ್ಟಿದರೆ ಮೀನಿನ ಮೈಯ ಲೋಳೆ ಕಿತ್ತು ಹೋಗುತ್ತದಂತೆ. ಇಲ್ಲಿಗೆ ಎಷ್ಟು ವರ್ಷದಿಂದ ಬರುತ್ತೀರಿ ಅಂತ ಕೇಳಿದೆ. ಮಗಳು ಹುಟ್ಟುವ ಮೊದಲಿಂದ ಅಂದರು. "ಅದೋ, ಆ ಬಿಳಿ ಆಗ ಇಷ್ಟು ಸಣ್ಣ ಇರಲಿಲ್ಲ" ಅಂತ ಗೋಡೆಯ ಕಡೆ ಗದ್ದ ಎತ್ತಿದರು.

ಈ ಕಣಿವೆಯ ನೀರನ್ನು 1980ರ ದಶಕದಿಂದಲೂ ವಿಜ್ಞಾನಿಗಳು ಅಳೆಯುತ್ತಾ ಬಂದಿದ್ದಾರೆ. ಕೆಳಗಿನ ಬಯಲಿನ ವಾಹನಗಳ ಹೊಗೆ, ಹೊಲದ ಗೊಬ್ಬರ, ದನದ ಕೊಟ್ಟಿಗೆಗಳಿಂದ ಏಳುವ ಸಾರಜನಕ ಗಾಳಿಯಲ್ಲಿ ತೇಲಿ ಬಂದು ಮಳೆ ಹಿಮದ ಜೊತೆ ಇಲ್ಲಿ ಇಳಿಯುತ್ತಿದೆ. ರಸ್ತೆಯಿಲ್ಲ, ಮನೆಯಿಲ್ಲ, ಸಂರಕ್ಷಿತ ಕಾಡು. ಆದರೂ ನಮ್ಮ ಊರಿನ ಗಾಳಿ ಇಲ್ಲಿವರೆಗೆ ಹತ್ತಿ ಬಂದಿದೆ. ಅಷ್ಟು ತಿಳಿಯಾದ ನೀರು ನೋಡುತ್ತಾ ಇದನ್ನು ನೆನೆದರೆ ಸಂಕಟವಾಗುತ್ತದೆ.

ಲಾಕ್ ದಾಟಿದ ಮೇಲೆ ಜನ ಕಡಿಮೆ. ಮರಗಳು ಗಿಡ್ಡವಾಗುತ್ತಾ ಬಂದು, ಸೊಂಟದೆತ್ತರಕ್ಕೆ ಇಳಿದು, ನಿಂತೇ ಹೋಗುತ್ತವೆ. ಎದುರಿಗೆ ಟಿಂಬರ್‌ಲೈನ್ ಫಾಲ್ಸ್. ಇಲ್ಲಿ ದಾರಿಯೇ ಜಲಪಾತ. ಅದರ ಬಲಗಡೆಯ ಬಂಡೆ ಬಿರುಕಿನಲ್ಲಿ ಕೈಕಾಲು ಎರಡೂ ಹಾಕಿ ಹತ್ತಬೇಕು. ಬೇಸಿಗೆಯ ಶುರುವಿನಲ್ಲಿ ಇಲ್ಲಿ ಮಂಜುಗಡ್ಡೆ ಇರುತ್ತದೆ, ಆಗ ಸರಿಯಾದ ಸಲಕರಣೆ ಇಲ್ಲದೆ ಬರಬಾರದು. ಈಗ ಬರೀ ನೀರು, ಆದರೂ ಜಾರುತ್ತಿತ್ತು. ಇಳಿಯುತ್ತಿದ್ದ ಒಬ್ಬ ಹುಡುಗಿ, "ಕೋಲು ಮಡಿಸಿ ಚೀಲಕ್ಕೆ ಹಾಕಿ, ಮೂರು ಕಡೆ ಹಿಡಿತ ಇದ್ದರೆ ಮಾತ್ರ ನಾಲ್ಕನೆಯದು ಎತ್ತಿ" ಅಂದಳು. ಅರ್ಧ ಹತ್ತಿದ ಮೇಲೆ ನನ್ನ ಎಡಗಾಲು ಪಾಚಿಯ ಮೇಲೆ ಜಾರಿತು. ಮೊಣಕಾಲು ಬಂಡೆಗೆ ಬಡಿಯಿತು, ಶೂ ಒಳಗೆ ನೀರು ತುಂಬಿತು. ಆ ಹುಡುಗಿಯ ಮಾತು ಕೇಳಿದ್ದರಿಂದ ಕೈ ಬಿಟ್ಟಿರಲಿಲ್ಲ. ಮೈದುನ ಮೇಲಿಂದ ಚೀಲ ಎಳೆದುಕೊಂಡ. ಒಂದು ನಿಮಿಷ ಹಾಗೇ ಬಂಡೆಗೆ ಎದೆ ಆನಿಸಿ ನಿಂತೆ. ಎದೆ ಬಡಿತ ತಗ್ಗಿದ ಮೇಲೆ ಹತ್ತಿದೆ.

ಹತ್ತಿದ ಕೂಡಲೇ ಲೇಕ್ ಆಫ್ ಗ್ಲಾಸ್. ಅದರಾಚೆ ಬಂಡೆ ರಾಶಿಯ ಮೇಲೆ ಕಾಲು ಗಂಟೆ ನಡೆದರೆ ಸ್ಕೈ ಪಾಂಡ್. ಸುಮಾರು 3,320 ಮೀಟರ್.

ಮೂರು ಕಡೆ ಗೋಡೆ. ಬಲಗಡೆ ಶಾರ್ಕ್ಸ್‌ಟೂತ್ ಮತ್ತು ಅದರ ಜೊತೆಯ ಚೂಪು ಕಲ್ಲಿನ ಶಿಖರಗಳು. ತುದಿಯಲ್ಲಿ ಟೇಲರ್ ಗ್ಲೇಸಿಯರ್. ಹೆಸರಿಗೆ ಹಿಮನದಿ, ನೋಡಲು ಒಂದು ಓಣಿಯಷ್ಟು. ಕೆರೆಯ ನೀರು ದಡದಲ್ಲಿ ಬಣ್ಣವೇ ಇಲ್ಲ, ನಾಲ್ಕು ಹೆಜ್ಜೆ ಮುಂದೆ ತಿಳಿ ಹಸಿರು, ಮಧ್ಯೆ ಕಡು ನೀಲಿ. ಬೆಳಿಗ್ಗೆ ಒಂಬತ್ತೂವರೆ. ನಾವು ಬಿಟ್ಟರೆ ಅಲ್ಲಿ ಆರೇ ಜನ. ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಚಪಾತಿಗೆ ಚಟ್ನಿಪುಡಿ, ತುಪ್ಪ ಸವರಿ ಸುತ್ತಿ ತಂದಿದ್ದೆವು. ನಿನ್ನೆಯ ಪೀಚ್ ಎರಡು. ಕಾಲ್ಚೀಲ ಬಂಡೆಯ ಮೇಲೆ ಒಣಗಲು ಹಾಕಿ ತಿನ್ನುತ್ತಾ ಕೂತೆ. ಪಕ್ಕದ ಕಲ್ಲುರಾಶಿಯಿಂದ "ಈಕ್" ಅಂತ ಒಂದು ಸದ್ದು. ಪೀಕಾ, ಮೊಲದ ನೆಂಟ. ಮುಷ್ಟಿಯಷ್ಟು ಗಾತ್ರ, ದುಂಡು ಕಿವಿ, ಬಾಲವೇ ಕಾಣದು. ಬಾಯಿ ತುಂಬ ಅಡ್ಡಡ್ಡ ಹುಲ್ಲು ಕಚ್ಚಿಕೊಂಡು ಓಡಿತು. ಒಂದು ಬಂಡೆ ಸಂದಿಯಲ್ಲಿ ಹುಲ್ಲು ಇಟ್ಟು, ಬರಿಗೈಯಲ್ಲಿ ಬಂದು, ಮತ್ತೆ ಕೊಯ್ದು ಒಯ್ಯಿತು. ಚಳಿಗಾಲದಲ್ಲಿ ಅದು ನಿದ್ದೆ ಹೋಗುವುದಿಲ್ಲ. ಹಿಮದ ಕೆಳಗೆ ಈ ಬಣವೆಯನ್ನೇ ತಿಂದು ಬದುಕುತ್ತದೆ. ಹತ್ತು ನಿಮಿಷದಲ್ಲಿ ಏಳು ಸಲ ಓಡಾಡಿದ್ದು ಎಣಿಸಿದೆ.

ಅದನ್ನು ನೋಡಲು ಬಗ್ಗಿದಾಗಲೇ ಆ ಸದ್ದು ಕೇಳಿದ್ದು. ನಾನು ಕೂತ ಬಂಡೆಗಳ ಕೆಳಗೆ, ಎಲ್ಲೋ ಆಳದಲ್ಲಿ, ನೀರು ಹರಿಯುತ್ತಿತ್ತು. ಮೇಲೆ ಎಲ್ಲಾ ಒಣ ಕಲ್ಲು. ಎರಡು ಬಂಡೆಯ ನಡುವಿನ ತೂತಿಗೆ ಮೊಣಕೈವರೆಗೆ ಕೈ ಇಳಿಬಿಟ್ಟೆ. ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ಬೆರಳಿಗೆ ತಾಗಿತು. ಹೊರಗೆ ಬಿಸಿಲು ಬೆನ್ನು ಸುಡುತ್ತಿತ್ತು. ಇಂಥ ಬೆಟ್ಟದ ಕಲ್ಲುರಾಶಿಗಳ ಕೆಳಗೆ ಮಂಜುಗಡ್ಡೆ ಹುದುಗಿರುತ್ತದೆ, ಬೇಸಿಗೆಯ ಕೊನೆಯಲ್ಲಿ ತೊರೆಗಳನ್ನು ಉಳಿಸುವುದರಲ್ಲಿ ಅದರ ಪಾಲೂ ಇದೆ ಅಂತ ಓದಿದ್ದೆ. ಓದಿದ್ದು ಬೇರೆ, ಕೈಗೆ ತಾಗಿದ್ದು ಬೇರೆ. ಅಮ್ಮನಿಗೆ ಹೇಳಬೇಕಾದ್ದು ಸಿಕ್ಕಿತು. ಫೋನನ್ನು ತೂತಿನ ಬಾಯಿಗೆ ಹಿಡಿದು ಸದ್ದು ರೆಕಾರ್ಡ್ ಮಾಡಿಕೊಂಡೆ.

ಹತ್ತೂವರೆಗೆ ಶಿಖರದ ಹಿಂದೆ ಹತ್ತಿಯಂಥ ಮೋಡ ಮೂಡಿತು. ಇಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲು ಸಾಮಾನ್ಯ. ಮಧ್ಯಾಹ್ನದೊಳಗೆ ಮರಗಳ ಸಾಲಿನ ಕೆಳಗೆ ಇಳಿದಿರಬೇಕು ಅನ್ನುವುದು ಇಲ್ಲಿಯವರ ನಿಯಮ. ಇನ್ನೂ ಕೂರುವ ಆಸೆ ಇತ್ತು. ಎದ್ದೆವು. ಜಲಪಾತ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕೂತು, ತಿರುಗಿ, ಮುಖ ಬಂಡೆಗೆ ಮಾಡಿ ಇಳಿದೆವು. ಲಾಕ್ ತಲುಪುವಾಗ ಆಕಾಶ ಸೀಸದ ಬಣ್ಣ. ಮೊದಲ ಗುಡುಗು ಗೋಡೆಯಿಂದ ಗೋಡೆಗೆ ಉರುಳಿತು. ಆಮೇಲೆ ಆಲಿಕಲ್ಲು. ಸಬ್ಬಕ್ಕಿಯಷ್ಟು ಸಣ್ಣ, ಬಿಳಿ, ಮೆದು. ಜಾಕೆಟ್ ಮೇಲೆ ಚಟಪಟ ಸಿಡಿದು ದಾರಿಯೆಲ್ಲಾ ಬೆಳ್ಳಗಾಯಿತು. ಇಪ್ಪತ್ತು ನಿಮಿಷದಲ್ಲಿ ನಿಂತು ಬಿಸಿಲು ಬಂತು. ಮಳೆ ಕೋಟು ಬೇಡ ಅಂತ ಬೆಳಿಗ್ಗೆ ಮೈದುನ ಹೇಳಿದ್ದ. ನಾನು ಎರಡು ತುರುಕಿದ್ದು ಒಳ್ಳೆಯದಾಯಿತು.

ಅಮ್ಮ ಪಾರ್ಕಿಂಗ್ ಹತ್ತಿರ ಬೆಂಚಿನ ಮೇಲೆ ಕಾಯುತ್ತಿದ್ದರು. ನನ್ನ ಮೊಣಕಾಲು ನೋಡಿ ಮೊದಲು ಬೈದರು. ಆಮೇಲೆ ಫೋನನ್ನು ಕಿವಿಗೆ ಹಿಡಿದು ಆ ಸದ್ದು ಕೇಳಿದರು. ಮೂರು ಸಲ.

ಭಾನುವಾರ: ನೀರು ಕವಲಾಗುವ ಜಾಗ

ಮೊಣಕಾಲು ಊದಿಕೊಂಡಿತ್ತು. ಹಾಗಾಗಿ ಕಾರಿನಲ್ಲೇ ಟ್ರೇಲ್ ರಿಡ್ಜ್ ರಸ್ತೆ. 3,713 ಮೀಟರ್‌ವರೆಗೆ ಏರುವ ಡಾಂಬರು ರಸ್ತೆ. ಮೇಲೆ ಮರವೇ ಇಲ್ಲ, ಬೆಟ್ಟದ ಬೆನ್ನು ತುಂಬ ಕಂದು ಕೆಂಪು ಹುಲ್ಲು. ಒಂದು ಇಳಿಜಾರಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು ಮಲಗಿತ್ತು. ಪಶ್ಚಿಮದ ಕಡೆ ಕೆಳಗೆ 2020ರ ಬೆಂಕಿಯಲ್ಲಿ ಸುಟ್ಟ ಕಾಡು ಕಡ್ಡಿಗಳ ಹಾಗೆ ನಿಂತಿತ್ತು.

ಅಲ್ಲಿಂದ ಸ್ವಲ್ಪ ಇಳಿದರೆ ಮಿಲ್ನರ್ ಪಾಸ್. ಪಕ್ಕದಲ್ಲೇ ಪೂಡರ್ ಲೇಕ್ ಅನ್ನುವ ಸಣ್ಣ ಕೆರೆ. ಒಂದು ಫಲಕ ಇದೆ: ಈ ಕಡೆ ಬಿದ್ದ ನೀರು ಅಟ್ಲಾಂಟಿಕ್‌ಗೆ, ಆ ಕಡೆ ಬಿದ್ದದ್ದು ಪೆಸಿಫಿಕ್‌ಗೆ. ನಾನು ಓದಿ ಹೇಳಿದೆ. ಅಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಬಿಸಿಲೆ ದಾರೀಲಿ ಮಂಕನಹಳ್ಳಿ ಹತ್ರ ಇಂಥದ್ದೇ ಕಲ್ಲಿಲ್ವಾ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ನಿಮ್ಮಜ್ಜ ಎತ್ತಿನಗಾಡಿ ನಿಲ್ಲಿಸಿ ತೋರಿಸ್ತಿದ್ರು."

ಆಮೇಲೆ ಆ ಕೆರೆಯ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಕ್ಯಾಶ್ ಲ ಪೂಡರ್ ನದಿ ಇಲ್ಲೇ ಹುಟ್ಟಿ, ಇಳಿದು, ನಮ್ಮ ಫೋರ್ಟ್ ಕಾಲಿನ್ಸ್ ಊರೊಳಗೇ ಹಾದುಹೋಗುತ್ತದೆ. ಅಮ್ಮ ದಿನಾ ಸಂಜೆ ವಾಕಿಂಗ್ ಹೋಗುವ ಹೊಳೆ ಅದೇ. "ಅದೇನಾ?" ಅಂತ ದಡಕ್ಕೆ ಹೋಗಿ ನಿಂತರು. ತಂಪು ಗಾಳಿಗೆ ಸೆರಗು ಹಾರುತ್ತಿತ್ತು. ಬಹಳ ಹೊತ್ತು ಕರೆಯಲಿಲ್ಲ ನಾನು.

ವಾಪಸ್ ಬರುವಾಗ ಜೋಳದ ಅಂಗಡಿ ಮುಚ್ಚಿತ್ತು.

ರಾತ್ರಿ ಅಮ್ಮ ಊರಿಗೆ ಫೋನ್ ಮಾಡಿದರು. ಅಲ್ಲಿ ಸೋಮವಾರ ಬೆಳಿಗ್ಗೆ. ಮಾವ ಸ್ಪೀಕರ್‌ನಲ್ಲಿ ಕೂಗುತ್ತಿದ್ದರು, ಹಿಂದೆ ಹೆಂಚಿನ ಮೇಲೆ ಮಳೆ ಸದ್ದು. ಮೂರು ದಿನದಿಂದ ಬಿಟ್ಟಿಲ್ಲವಂತೆ, ಹಳ್ಳ ತುಂಬಿ ತೋಟಕ್ಕೆ ನುಗ್ಗಿದೆಯಂತೆ. ಅಮ್ಮ ತಮ್ಮ ಕಥೆ ಶುರು ಮಾಡಿದರು. ಇಲ್ಲಿ ಮಳೆ ಇಲ್ಲ, ಆದರೂ ಜಲಪಾತ ಬೀಳುತ್ತೆ. ಕಲ್ಲಿನ ಕೆಳಗೆ ಐಸ್ ಬಚ್ಚಿಟ್ಟುಕೊಂಡಿದೆ, ಅದು ಕರಗಿ ಕರಗಿ ಬರುತ್ತೆ. ಇವಳು ಕೈ ಹಾಕಿ ನೋಡಿದ್ದಾಳೆ, ಸದ್ದು ಹಿಡಿದು ತಂದಿದ್ದಾಳೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಆ ಐಸ್ ಮುಗಿದ್ಮೇಲೆ?"

ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.